ಪದವಿಯ ಓದಿಗೆ ಜೊತೆಯಾಗಲಿ ಸಂವಹನ ವಿದ್ಯೆ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಕುಟುಂಬಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲು ವೈದ್ಯಕೀಯ, ಅನಂತರ ಇಂಜಿನಿಯರಿಂಗ್, ಅವೆರಡೂ ಕೈಗೆಟುಕದಿದ್ದರೆ ಬಿ.ಎ., ಬಿ.ಕಾಂ. ಇದ್ದೇ ಇವೆ ಎಂಬ ಸಮಾಧಾನ. ಬಿ.ಎ. ತರಗತಿಗೆ ಸೇರಿದ ಮಗಳು ಅರ್ಥಶಾಸ್ತ್ರ, ಇತಿಹಾಸಗಳ ಜೊತೆಗೆ ಪತ್ರಿಕೋದ್ಯಮವನ್ನೂ ಓದುತ್ತೇನೆಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದರಿಂದ ಹೊಟ್ಟೆ ತುಂಬುವುದೇ ಎಂಬುದು ಅವರ ಪ್ರಶ್ನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ತಂದೆತಾಯಂದಿರು ನಮ್ಮನ್ನೂ ಇದೇ ಪ್ರಶ್ನೆ ಕೇಳುವುದುಂಟು.

ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಈ ವಿದ್ಯೆಯೊಂದನ್ನೇ ನಂಬಿ ಹೊರಟವರಿಗೆಲ್ಲ ಜೀವನ ಸುಗಮವಾಗುತ್ತದೆಂದು ನಾವು ಹೇಳಲಾರೆವು. ಆದರೆ ಮತ್ತೊಂದು ಶಾಸ್ತ್ರದ ಜೊತೆಗೆ, ಅದರ ಕೈಹಿಡಿದು ನಡೆಯುವ ವಿಷಯವಾಗಿ ಇದನ್ನು ಓದಿದರೆ ಇದರಷ್ಟು ಉಪಯುಕ್ತವಾದುದು ಇಂದಿನ ದಿನಗಳಲ್ಲಿ ವಿರಳವೆಂಬುದು ನಮ್ಮ ಅಭಿಪ್ರಾಯ.

ಜೊತೆವಿಷಯವಾಗಿಯೇ ಹುಟ್ಟಿದ್ದು

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮದ ಶಾಲೆ ಆರಂಭವಾಯಿತು. ನಮ್ಮ ನಾಡಿನಲ್ಲಿ ಈ ಶಿಕ್ಷಣಕ್ಕೆ ತಳಹದಿ ಬಿದ್ದುದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಡಾ. ನಾಡಿಗ ಕೃಷ್ಣಮೂರ್ತಿಯವರ ಶ್ರಮದಿಂದ. ಆಗ ಅದು ಬಿ.ಎ. ಪದವಿಯ ಐಚ್ಛಿಕ ವಿಷಯಗಳಲ್ಲಿ ಒಂದಾಗಿ, ಇತರ ವಿಷಯಗಳ ನಡುವೆ ಕುಳಿತು ಪಾಠ ಹೇಳಿಸಿಕೊಂಡಿತೆಂಬುದು ಗಮನಿಸತಕ್ಕ ಸಂಗತಿ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021-22ರಲ್ಲಿ ಜಾರಿಗೆ ತಂದಾಗ ಪ್ರಧಾನ ವಿಷಯ, ಉಪವಿಷಯ ಎಂಬ ವಿಭಾಗ ಬಂದಿತು. 2024-25ರಿಂದ ಪದವಿಯು ಮರಳಿ ಮೂರು ವರ್ಷದ ಕ್ರಮಕ್ಕೆ ಬಂದಿದೆ. ಹೆಸರುಗಳು ಬದಲಾಗಬಹುದು, ಒಂದು ಶಾಸ್ತ್ರಕ್ಕೆ ಇನ್ನೊಂದು ಆಸರೆಯಾಗುವ ತತ್ತ್ವ ಬದಲಾಗದು.

ಈ ತತ್ತ್ವಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಡಾ. ಫ.ಗು. ಹಳಕಟ್ಟಿಯವರು ಓದಿದ್ದು ಕಾನೂನು, ಮಾಡಿದ್ದು ವಿಜಾಪುರದಲ್ಲಿ ವಕೀಲಿ ವೃತ್ತಿ. ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ಗ್ರಂಥವೊಂದರಿಂದಲೇ ಜನರನ್ನು ಮುಟ್ಟಲಾಗದೆಂದು ಅರಿತು 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಗಳನ್ನು ಆರಂಭಿಸಿದರು. ಕಾನೂನು ಅವರ ಪ್ರಧಾನ ವಿಷಯವಾದರೆ ಪತ್ರಿಕೆ ಅದರ ಜೊತೆವಿಷಯ. ಆ ಜೊತೆವಿಷಯ ಇಲ್ಲದಿದ್ದರೆ ಶರಣರ ನುಡಿಗಳು ಇಷ್ಟು ಮನೆಗಳ ಬಾಗಿಲು ತಟ್ಟುತ್ತಿದ್ದವೇ? ವಾಚಕರೇ ಯೋಚಿಸಬೇಕು.

ನಮ್ಮ ನೆಲದ ಮೊದಲ ಪಾಠ

ಸಂವಹನವೆಂದರೆ ಪರದೇಶದಿಂದ ಬಂದ ಹೊಸ ಸರಕೆಂದು ತಿಳಿಯುವವರು ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಇದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದರು. ಸಂದೇಶ ಹೊರಟದ್ದು ಸುವರ್ಣಗಿರಿಯಿಂದ. ತಲುಪಬೇಕಾದುದು ಇಸಿಲದ ಮಹಾಮಾತ್ರರಿಗೆ. ಬರೆದ ಲಿಪಿಕಾರನ ಹೆಸರು ಚಪಡ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ ಅದರ ಉಪದೇಶ. ಕಳುಹಿಸಿದವರು ಯಾರು, ಯಾರಿಗೆ, ಯಾರ ಕೈಬರಹ ಎಂಬುದೆಲ್ಲ ಸ್ಪಷ್ಟವಾಗಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬಂಡೆಗಿರುವ ಹೊಣೆಗಾರಿಕೆ ಇಂದು ಕೈಯೊಳಗಿನ ಮೊಬೈಲ್‌ಗೆ ಬರುವ ಸಂದೇಶಗಳಲ್ಲಿ ಎಷ್ಟಕ್ಕುಂಟು?

ಇದು ಬರಿಯ ಮಾತಿನ ಚಮತ್ಕಾರವಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನ ತರುಣ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ಭ್ರಮಿಸಿ ಜನರ ಗುಂಪು ಹೊಡೆದು ಕೊಂದಿತು. ಆ ಭ್ರಮೆಯನ್ನು ಊರಿಂದೂರಿಗೆ ಹೊತ್ತು ತಂದದ್ದು ವಾಟ್ಸಾಪ್. ಆ ತಿಂಗಳಲ್ಲೇ ಆ ಸಂಸ್ಥೆಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕಲು ಮುಂದಾಯಿತು. ಯಂತ್ರಕ್ಕೆ ಮಿತಿ ಹಾಕಬಹುದು. ಬೆರಳಿಗೆ ವಿವೇಕ ಕಲಿಸುವವರು ಯಾರು? ಮುಂದೂಡಿದವರೆಲ್ಲ ಕ್ರೂರಿಗಳಾಗಿರಲಿಲ್ಲ. ತಮ್ಮ ಮಕ್ಕಳ ಮೇಲಿನ ಅಕ್ಕರೆಯಿಂದಲೇ ಎಷ್ಟೋ ಮಂದಿ ಹಾಗೆ ಮಾಡಿದ್ದಿರಬೇಕು. ಒಳ್ಳೆಯ ಮನಸ್ಸಿದ್ದರೆ ಸಾಲದು, ವಿಚಾರಿಸಿ ನೋಡುವ ಅಭ್ಯಾಸವೂ ಬೇಕೆಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಡ.

ಮಠದ ಪಾಠಶಾಲೆಯಲ್ಲಿ ನಾವು ಕಲಿತ ಕಟ್ಟಳೆಯೊಂದಿತ್ತು. ಒಂದೇ ಓಲೆಪ್ರತಿಯನ್ನು ನಂಬಿ ಪಾಠ ನಿರ್ಣಯಿಸಬಾರದು. ಎರಡು ಮೂರು ಪ್ರತಿಗಳನ್ನು ತಾಳೆ ನೋಡಿದ ಮೇಲೆಯೇ ಲೇಖನಿ ಹಿಡಿಯಬೇಕು. ಸುದ್ದಿಯನ್ನು ಬೇರೆ ಮೂಲದಿಂದ ಖಚಿತಪಡಿಸಿಕೊಳ್ಳಬೇಕೆಂದು ಪತ್ರಿಕೋದ್ಯಮದ ತರಗತಿಯಲ್ಲಿ ಹೇಳುವುದೂ ಇದನ್ನೇ.

ಎರಡು ಕಣ್ಣು ಬೇಕು

ಇದು ಜೊತೆವಿದ್ಯೆಯಾಗಿಯೇ ಏಕಿರಬೇಕೆಂಬುದಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡೋಣ. 1933ರ ಬಳಿಕ ಕೋಡಿ ಕಾಣದ ಆ ಜಲಾಶಯ 89 ವರ್ಷಗಳ ಅನಂತರ, 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಹರಿಯಿತು. ಬರೆಯಲು ಮಾತ್ರ ಬಲ್ಲವನು ಜನರ ಸಂಭ್ರಮವನ್ನೂ ಬಾಗಿನವನ್ನೂ ಬರೆದಾನು. ಭೂಗೋಳವನ್ನೂ ಅರ್ಥಶಾಸ್ತ್ರವನ್ನೂ ಬಲ್ಲವನು ಮುಂದಿನ ಪ್ರಶ್ನೆ ಕೇಳುತ್ತಾನೆ. ವೇದಾವತಿಯ ಮಳೆನೀರು ಎಷ್ಟು, ಭದ್ರೆಯಿಂದ ಎತ್ತಿ ತಂದದ್ದು ಎಷ್ಟು? 2023ರ ಕೇಂದ್ರ ಮುಂಗಡಪತ್ರದಲ್ಲಿ ಭದ್ರಾ ಮೇಲ್ದಂಡೆಗೆ ಘೋಷಿಸಿದ 5,300 ಕೋಟಿ ರೂಪಾಯಿಗಳಲ್ಲಿ ಕೈಗೆ ಬಂದುದು ಎಷ್ಟು? ಕಾಲುವೆ ಯಾವ ಊರಿನವರೆಗೆ ತಲುಪಿದೆ? ಶಾಸ್ತ್ರ ಬಲ್ಲವನಿಗೆ ಬರೆಯಲು ಬಾರದಿದ್ದರೆ ಈ ಪ್ರಶ್ನೆಗಳು ಅವನಲ್ಲೇ ಉಳಿಯುತ್ತವೆ. ಬರೆಯಬಲ್ಲವನಿಗೆ ಶಾಸ್ತ್ರ ತಿಳಿಯದಿದ್ದರೆ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಪತ್ರಿಕಾ ಕಚೇರಿ ಸೇರದವರಿಗೂ ಈ ಓದು ವ್ಯರ್ಥವಲ್ಲ. ವರದಿಗಾರಿಕೆ, ಸಂಪಾದನೆ, ಅನುವಾದ, ಬಾನುಲಿ ಬರವಣಿಗೆ, ಜಾಹೀರಾತು, ಪತ್ರಿಕಾ ಕಾನೂನು ಇವೇ ಮೊದಲಾದವು ಇದರ ಅಂಗಗಳು. ಸಂವಿಧಾನದ 19ನೆಯ ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯವನ್ನೂ ಅದರ ಎಲ್ಲೆಗಳನ್ನೂ ವಿದ್ಯಾರ್ಥಿ ಅರಿಯುತ್ತಾನೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಬರೆಯಬಲ್ಲವನು ಮನೆಯಲ್ಲೊಬ್ಬನಿದ್ದರೆ ಇಡೀ ಗ್ರಾಮಕ್ಕೆ ಬಲ. ಹೊಳಲ್ಕೆರೆಯ ಅಡಕೆ ಬೆಳೆಗಾರನ ಮಗಳು ಬಿ.ಕಾಂ. ಓದುತ್ತಲೇ, ಭೀಮಸಮುದ್ರದ ಧಾರಣೆಯ ಬಗೆಗೆ ಹಬ್ಬುವ ಗಾಳಿಮಾತಾವುದು, ನಿಜವಾವುದು ಎಂದು ಬಿಡಿಸಿ ಹೇಳಬಲ್ಲಳಾದರೆ ಓದಿನ ಖರ್ಚು ಅಲ್ಲಿಗೇ ಸಂದಿತು. ಮಾಧ್ಯಮವೆಂದರೆ ಮುದ್ರಣ, ಟಿ.ವಿ.ಗಳಷ್ಟೇ ಅಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರವು ನಾಟಕಗಳ ಮೂಲಕ ನಾಡಿನುದ್ದಕ್ಕೂ ಜನರೊಡನೆ ಮಾತನಾಡಿದೆ.

ಮಕ್ಕಳಿಗೆ ಒಂದು ಮಾತು: ಕ್ಯಾಮರಾದ ಮುಂದೆ ನಿಲ್ಲುವ ಆಸೆಯೊಂದರಿಂದಲೇ ಈ ವಿಷಯಕ್ಕೆ ಬರಬೇಡಿ. ದಿನವೂ ಎರಡು ಪತ್ರಿಕೆಗಳನ್ನು ಓದಿ, ಒಂದೇ ಸುದ್ದಿಯನ್ನು ಎರಡರಲ್ಲೂ ಹೋಲಿಸಿ ನೋಡಿ. ಆ ಕೆಲಸದಲ್ಲಿ ರುಚಿ ಹುಟ್ಟಿದರೆ ಸೇರಿಕೊಳ್ಳಿ. ಹಿರಿಯರಿಗೂ ಒಂದು ಮಾತು: ಎಲ್ಲ ಕಾಲೇಜುಗಳಲ್ಲೂ ಈ ವಿಷಯ ಇರುವುದಿಲ್ಲ. ಯಾವ ವಿಷಯಗಳ ಜೊತೆ ಕೊಡುತ್ತಾರೆ, ಪಾಠ ಹೇಳುವವರು ಇದ್ದಾರೆಯೇ, ಬರೆಸಿ ತಿದ್ದುತ್ತಾರೆಯೇ ಎಂದು ಪ್ರವೇಶಕ್ಕೆ ಮೊದಲೇ ವಿಚಾರಿಸಿರಿ. ಮುಂದೆ ಓದಬಯಸುವವರಿಗೆ ಸಮೀಪದ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವುಂಟು.

ಮಕ್ಕಳ ಪ್ರಧಾನ ವಿಷಯ ಯಾವುದಾದರೂ ಇರಲಿ. ಕೇಳಿದ್ದನ್ನು ಪರಾಮರ್ಶಿಸುವ, ತಿಳಿದುದನ್ನು ತಿಳಿಯಾಗಿ ಹೇಳುವ ವಿದ್ಯೆ ಅದರ ಜೊತೆಗಿರಲಿ. ಮನೆಯಲ್ಲಿ ಅಂಥವರೊಬ್ಬರಿದ್ದರೆ ಸುಳ್ಳು ಹೊಸ್ತಿಲ ಆಚೆಗೇ ನಿಲ್ಲುತ್ತದೆ.