ಬ್ರೇಕ್ ಕೈಕೊಟ್ಟಾಗ ಕೈ ನಡುಗದಿರಲಿ

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ಸ್ಕೂಟರ್ ಮೇಲೆ ಬಂದಿಳಿಯುವ ಅಮ್ಮಂದಿರೇ ಅಮ್ಮಂದಿರು. ಹಿಂದೆ ಮಗು, ಮುಂದೆ ಸ್ಕೂಲ್ ಬ್ಯಾಗು, ಹ್ಯಾಂಡಲ್‌ಗೆ ನೇತುಹಾಕಿದ ಊಟದ ಚೀಲ. ಮನೆಯಿಂದ ಹೊರಡುವಾಗ ಪೆಟ್ರೋಲ್ ಎಷ್ಟಿದೆ ಅಂತ ಎಲ್ಲರೂ ನೋಡುತ್ತೇವೆ. ಟೈರ್ ಮೆತ್ತಗಾಗಿದ್ದರೆ ಗೊತ್ತಾಗುತ್ತದೆ. ಆದರೆ ಬ್ರೇಕ್? ಅದು ಇದ್ದೇ ಇರುತ್ತದೆ, ಹಿಡಿದೇ ಹಿಡಿಯುತ್ತದೆ ಅನ್ನೋ ನಂಬಿಕೆ. ಆ ನಂಬಿಕೆ ಒಂದು ದಿನ ಇಳಿಜಾರಿನಲ್ಲೋ ಸಿಗ್ನಲ್ ಹತ್ತಿರವೋ ಕೈಕೊಟ್ಟರೆ ಏನು ಮಾಡ್ತೀರಿ?

ಗಂಟೆಗೆ 40 ಕಿ.ಮೀ. ವೇಗ ಅಂದರೆ ನಿಧಾನವೇ ಅಂದುಕೊಳ್ಳುತ್ತೇವೆ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. ಹೆಚ್ಚುಕಡಿಮೆ ಒಂದು ಸಿಟಿ ಬಸ್ಸಿನಷ್ಟು ಉದ್ದ! ‘ಅಯ್ಯೋ ದೇವರೇ’ ಅನ್ನುವಷ್ಟರಲ್ಲಿ ಎರಡು ಬಸ್ಸಿನಷ್ಟು ದೂರ ಹೋಗಿಬಿಟ್ಟಿರುತ್ತೀರಿ. ಯೋಚಿಸುತ್ತಾ ಕೂರಲು ಆಗ ಸಮಯ ಇರೋದಿಲ್ಲ. ಆದ್ದರಿಂದ ಯೋಚನೆಯನ್ನು ಈಗಲೇ, ಮನೆಯಲ್ಲಿ ಕೂತು ಮಾಡಿಟ್ಟುಕೊಳ್ಳೋಣ.

ಇರುವುದು ಒಂದಲ್ಲ, ಎರಡು!

ಮೊದಲು ಧೈರ್ಯದ ಮಾತು. ನಿಮ್ಮ ಗಾಡಿಗೆ ಇರುವುದು ಎರಡು ಬ್ರೇಕು. ಎರಡೂ ಒಟ್ಟಿಗೇ ಹಾಳಾಗುವುದು ಬಹಳ ಅಪರೂಪ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಡಗೈಯದು ಹಿಂದಿನ ಚಕ್ರದ್ದು, ಬಲಗೈಯದು ಮುಂದಿನ ಚಕ್ರದ್ದು. ಗೇರ್ ಇರುವ ಬೈಕಿನಲ್ಲಿ ಬಲಗೈ ಮುಂದಿನದು, ಬಲಗಾಲು ಹಿಂದಿನದು.

ತೊಂದರೆ ಎಲ್ಲಿದೆ ಗೊತ್ತಾ? ಸ್ಕೂಟರ್ ಕಲಿಸುವಾಗ ಅಣ್ಣನೋ ಅಪ್ಪನೋ ಗಂಡನೋ ‘ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಅಂತ ಹೆದರಿಸಿರುತ್ತಾರೆ. ಆ ಮಾತು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಹತ್ತು ವರ್ಷ ಗಾಡಿ ಓಡಿಸಿದರೂ ಬಲಗೈ ಬ್ರೇಕನ್ನು ಮುಟ್ಟದ ಎಷ್ಟೋ ಹೆಂಗಸರಿದ್ದಾರೆ. ಪರಿಣಾಮ ಎರಡು. ಎಡಗಡೆಯ ಬ್ರೇಕ್ ಬೇಗ ಸವೆಯುತ್ತದೆ. ಅದು ಕೈಕೊಟ್ಟ ಹೊತ್ತಿನಲ್ಲಿ ಬಲಗೈಗೆ ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಬಳಸದೇ ಬಿಟ್ಟ ಮುಂದಿನ ಬ್ರೇಕ್ ತುಕ್ಕು ಹಿಡಿದು ಬಿಗಿಯಾಗಿದ್ದರಂತೂ ಕತೆ ಮುಗಿದ ಹಾಗೆ.

ನಿಜ ಏನೆಂದರೆ, ಗಾಡಿ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೇ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಅದು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ತಿರುವಿನಲ್ಲಿ, ಮರಳು ಅಥವಾ ಒದ್ದೆ ನೆಲದ ಮೇಲೆ ಒಮ್ಮೆಲೇ ಜೋರಾಗಿ ಅದುಮಿದರೆ ಮಾತ್ರ ಜಾರುತ್ತದೆ. ಹ್ಯಾಂಡಲ್ ನೇರವಾಗಿಟ್ಟು, ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಹೆಚ್ಚಿಸುತ್ತಾ ಹೋದರೆ ಅದರಷ್ಟು ಒಳ್ಳೆಯ ನೆಂಟ ಇನ್ನೊಬ್ಬರಿಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಗಿದೆ. ಕಾಂಬಿ ಬ್ರೇಕ್ ಇರುವ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಒತ್ತಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಒಳ್ಳೆಯದೇ. ಹಾಗಂತ ಬಲಗೈಗೆ ರಜೆ ಕೊಡಬೇಡಿ. ಎಡಗಡೆಯ ವೈರ್ ತುಂಡಾದರೆ ಉಳಿಯುವುದು ಅದೊಂದೇ.

ಆ ಗಳಿಗೆಯಲ್ಲಿ ಏನು ಮಾಡಬೇಕು?

ಲಿವರ್ ಒತ್ತಿದಿರಿ, ಸಡಿಲವಾಗಿ ಒಳಗೆ ಹೋಯಿತು, ಗಾಡಿ ನಿಲ್ಲುತ್ತಿಲ್ಲ. ಆಗ ಈ ಕ್ರಮ ನೆನಪಿಡಿ.

* ಆಕ್ಸಿಲರೇಟರನ್ನು ಪೂರ್ತಿ ಬಿಡಿ. ಗಾಬರಿಯಲ್ಲಿ ಬಲಗೈ ಮುಷ್ಟಿ ಬಿಗಿಯುವಾಗ ಅದು ಇನ್ನಷ್ಟು ತಿರುಗಿ ವೇಗ ಹೆಚ್ಚುವುದುಂಟು.

* ಇನ್ನೊಂದು ಬ್ರೇಕ್ ಹಿಡಿಯಿರಿ. ಹ್ಯಾಂಡಲ್ ನೇರ ಇರಲಿ. ಮೆಲ್ಲಗೆ ಶುರುಮಾಡಿ, ಬೇಗ ಬೇಗ ಬಿಗಿ ಹೆಚ್ಚಿಸಿ.

* ಡಿಸ್ಕ್ ಬ್ರೇಕ್ ಆಗಿದ್ದರೆ ಲಿವರನ್ನು ಮೂರು ನಾಲ್ಕು ಸಲ ಪಟಪಟನೆ ಒತ್ತಿ ಬಿಡಿ. ಡಿಸ್ಕ್ ಬ್ರೇಕ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಒಳಗೆ ಗಾಳಿ ಸೇರಿದ್ದರೆ ಹೀಗೆ ಪಂಪ್ ಮಾಡಿದಾಗ ಸ್ವಲ್ಪವಾದರೂ ಒತ್ತಡ ಬರುವ ಸಾಧ್ಯತೆ ಇದೆ. ಡ್ರಮ್ ಬ್ರೇಕ್‌ನ ವೈರ್ ತುಂಡಾಗಿದ್ದರೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಅಲ್ಲಿ ಸಮಯ ಕಳೆಯಬೇಡಿ.

* ಗೇರ್ ಇರುವ ಬೈಕ್ ಆದರೆ ಒಂದೊಂದೇ ಗೇರ್ ಇಳಿಸಿ. ಪ್ರತಿ ಸಲವೂ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ನೇ ಚಕ್ರವನ್ನು ಹಿಡಿದು ವೇಗ ತಗ್ಗಿಸುತ್ತದೆ. ನಾಲ್ಕರಿಂದ ಒಂದಕ್ಕೆ ಒಮ್ಮೆಲೇ ಹಾರಿದರೆ ಹಿಂದಿನ ಚಕ್ರ ಜಾರೀತು. ಕ್ಲಚ್ ಹಿಡಿದೇ ಇದ್ದರೆ ಎಂಜಿನ್ನಿನ ಸಹಾಯ ಸಿಗುವುದಿಲ್ಲ.

* ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ವೇಗ ಸ್ವಲ್ಪ ತಗ್ಗುತ್ತದೆ. ಆದರೆ ವೇಗ ತೀರಾ ಕಡಿಮೆಯಾದಾಗ ಅದರ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಇಳಿಜಾರಿನಲ್ಲಿ ಅದನ್ನೇ ನಂಬಬೇಡಿ.

* ಹಾರ್ನ್ ಒತ್ತುತ್ತಲೇ ಇರಿ. ಹೆಡ್‌ಲೈಟ್ ಮಿನುಗಿಸಿ. ನಾಚಿಕೆ ಬೇಡ, ‘ಬ್ರೇಕಿಲ್ಲ, ಪಕ್ಕಕ್ಕೆ ಹೋಗಿ’ ಅಂತ ಕೂಗಿ.

* ಕಣ್ಣು ಖಾಲಿ ಜಾಗ ಹುಡುಕಲಿ. ಏರು ರಸ್ತೆ, ಖಾಲಿ ಸೈಟು, ಹುಲ್ಲು, ಸಡಿಲ ಮಣ್ಣು, ಯಾವುದಾದರೂ ಆದೀತು. ಡಿಕ್ಕಿ ಹೊಡೆಯಬಹುದಾದ ಲಾರಿಯನ್ನೇ ನೋಡುತ್ತಿದ್ದರೆ ಗಾಡಿಯೂ ಅತ್ತಲೇ ಹೋಗುತ್ತದೆ. ಮಣ್ಣಿಗೆ ಇಳಿಯುವಾಗ ಹ್ಯಾಂಡಲ್ ತಿರುಗಿಸದೆ ನೇರ ಹೋಗಿ, ಮೈ ಸ್ವಲ್ಪ ಹಿಂದಕ್ಕಿರಲಿ.

ಇವನ್ನು ಮಾತ್ರ ಮಾಡಬೇಡಿ

ಓಡುವ ಗಾಡಿಯಲ್ಲಿ ಕೀ ತಿರುಗಿಸಲು ಹೋಗಬೇಡಿ. ಒಂದು ಕೈ ಹ್ಯಾಂಡಲ್ ಬಿಡಬೇಕಾಗುತ್ತದೆ, ಗಡಿಬಿಡಿಯಲ್ಲಿ ಹ್ಯಾಂಡಲ್ ಲಾಕ್ ಬಿದ್ದರಂತೂ ಅನಾಹುತ. ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವ ಸಾಹಸ ಬೇಡ. ಜೋರಾಗಿ ಹೋಗುವಾಗ ಕಾಲು ತಿರುಚಿ ಮೂಳೆ ಮುರಿಯುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ತೀರಾ ನಡಿಗೆಯ ವೇಗಕ್ಕೆ ಬಂದ ಮೇಲೆ ಕಾಲೂರಿ. ಗಾಡಿಯಿಂದ ಹಾರುವ ಯೋಚನೆಯೂ ಬೇಡ.

ಗಾಡಿ ನಿಂತ ಮೇಲೆ? ‘ಮನೆ ಇಲ್ಲೇ ಹತ್ರ ಅಲ್ವಾ, ನಿಧಾನಕ್ಕೆ ಹೋಗಿಬಿಡ್ತೀನಿ’ ಅನ್ನಬೇಡಿ. ತಳ್ಳಿಕೊಂಡು ಹೋಗಿ, ಇಲ್ಲವೇ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಏಟಾಗಿದ್ದರೆ ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112.

ಹಿಂದೆ ಕೂತವರಿಗೂ ಕೆಲಸ ಇದೆ

ಓಡಿಸುವವರು ಯಜಮಾನರು, ನೀವು ಹಿಂದೆ ಕೂತಿದ್ದೀರಿ ಅಂದುಕೊಳ್ಳಿ. ‘ಬ್ರೇಕ್ ಹಿಡೀತಿಲ್ಲ’ ಅಂದರೆ ಕಿರುಚಿ ಅವರ ಭುಜ ಎಳೆಯಬೇಡಿ. ಅವರ ಸೊಂಟವನ್ನೋ ಹಿಂದಿನ ಕಂಬಿಯನ್ನೋ ಗಟ್ಟಿಯಾಗಿ ಹಿಡಿದು, ಅತ್ತಿತ್ತ ವಾಲದೆ ಕೂರಿ. ಕಾಲು ಕೆಳಗೆ ಬಿಡಬೇಡಿ. ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಇಂಥ ಹೊತ್ತಿನಲ್ಲಿ ಸಮತೋಲನ ಕಷ್ಟ, ಸಾಧ್ಯವಾದಾಗಲೆಲ್ಲ ಎರಡೂ ಕಡೆ ಕಾಲು ಹಾಕಿಯೇ ಕೂರಿ. ಸೆರಗು, ದುಪಟ್ಟಾ ಚಕ್ರದತ್ತ ಜೋತಾಡದಂತೆ ಸಿಕ್ಕಿಸಿಕೊಳ್ಳಿ.

ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇನ್ನು ಪುಟ್ಟ ಮಕ್ಕಳ ವಿಷಯ. 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದ ಪ್ರಕಾರ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಬೇಕು. ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಸೇರಿಸುವ ಸುರಕ್ಷತಾ ಬೆಲ್ಟ್ ಇರಬೇಕು. ವೇಗ 40 ಕಿ.ಮೀ. ಮೀರುವಂತಿಲ್ಲ. ಮಗುವನ್ನು ಮುಂದೆ ಫುಟ್‌ಬೋರ್ಡ್ ಮೇಲೆ ನಿಲ್ಲಿಸಿಕೊಂಡು ಹೋಗುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಜೋರಾಗಿ ಬ್ರೇಕ್ ಬಿದ್ದಾಗ ಮೊದಲು ಹ್ಯಾಂಡಲ್‌ಗೆ ಬಡಿಯುವುದು ಆ ಎಳೆಯ ಮುಖವೇ.

ಬ್ರೇಕ್ ಮೊದಲೇ ಹೇಳುತ್ತದೆ, ಕೇಳಿಸಿಕೊಳ್ಳಿ

‘ಇದ್ದಕ್ಕಿದ್ದ ಹಾಗೆ ಬ್ರೇಕ್ ಫೇಲ್ ಆಯ್ತು’ ಅನ್ನುತ್ತಾರೆ. ಹಾಲು ಉಕ್ಕುವ ಮೊದಲು ಅಂಚಿನಲ್ಲಿ ನೊರೆ ಕಟ್ಟುವ ಹಾಗೆ, ಬ್ರೇಕ್ ಕೂಡ ಬಹಳಷ್ಟು ಸಲ ಮುಂಚೆಯೇ ಸೂಚನೆ ಕೊಟ್ಟಿರುತ್ತದೆ.

ಲಿವರ್ ಹ್ಯಾಂಡಲ್ ಹತ್ತಿರದವರೆಗೂ ಬರುತ್ತಿದೆಯೇ? ವೈರ್ ಸಡಿಲವಾಗಿದೆ ಅಥವಾ ಲೈನರ್ ಸವೆದಿದೆ. ಸ್ಕೂಟರ್‌ಗಳಲ್ಲಿ ಲಿವರ್ ತುದಿಯ ಸಡಿಲ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಲೆಕ್ಕ ಅದರ ಜತೆ ಬಂದ ಪುಸ್ತಕದಲ್ಲಿರುತ್ತದೆ. ಲಿವರ್ ಬುಡದಲ್ಲಿ ವೈರ್‌ನ ಎಳೆ ಬಿಚ್ಚಿಕೊಂಡಿದೆಯೇ? ಒಂದೆರಡು ಎಳೆ ತುಂಡಾಗಿದ್ದರೂ ವೈರ್ ಬದಲಾಯಿಸಿ. ಸೀರೆಗೆ ಫಾಲ್ಸ್ ಹಾಕಿಸುವಷ್ಟು ಸಣ್ಣ ಖರ್ಚು ಅದು. ಬ್ರೇಕ್ ಹಾಕಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬರುತ್ತದೆಯೇ? ಡಿಸ್ಕ್ ಪ್ಯಾಡ್ ಮುಗಿದಿರಬಹುದು, ತಡ ಮಾಡಬೇಡಿ. ಡಿಸ್ಕ್ ಬ್ರೇಕಿನ ಲಿವರ್ ಸ್ಪಂಜಿನಂತೆ ಮೆತ್ತಗಿದೆಯೇ? ಒಳಗೆ ಗಾಳಿ ಸೇರಿದೆ ಅಥವಾ ಬ್ರೇಕ್ ಆಯಿಲ್ ಹಳೆಯದಾಗಿದೆ. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯ ಗಾಜಿನಲ್ಲಿ ಆಯಿಲ್ ಮಟ್ಟ ಕೆಳಗಿನ ಗೆರೆಗಿಂತ ಇಳಿದಿರಬಾರದು. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಂಡು ಕೆಡುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಇದಕ್ಕೆಲ್ಲ ಮೆಕ್ಯಾನಿಕ್ ಆಗಬೇಕಿಲ್ಲ. ವಾರಕ್ಕೊಮ್ಮೆ, ಎರಡು ನಿಮಿಷ ಸಾಕು. ಎಂಜಿನ್ ಆಫ್ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರ ತಿರುಗಿಸಿ ಎಡ ಲಿವರ್ ಒತ್ತಿ, ಥಟ್ಟನೆ ನಿಲ್ಲಬೇಕು. ಆಮೇಲೆ ಸ್ಟ್ಯಾಂಡ್ ತೆಗೆದು ಗಾಡಿಯನ್ನು ಮುಂದಕ್ಕೆ ತಳ್ಳುತ್ತಾ ಬಲ ಲಿವರ್ ಒತ್ತಿ, ಗಾಡಿ ಕದಲಬಾರದು. ಪ್ರತಿದಿನ ಹೊರಟ ಮೊದಲ ಹತ್ತು ಮೀಟರಿನಲ್ಲೇ ಎರಡೂ ಬ್ರೇಕ್ ಒಮ್ಮೊಮ್ಮೆ ಹಿಡಿದು ನೋಡಿ. ಕೆಟ್ಟಿದ್ದರೆ ಮನೆ ಗೇಟಿನ ಹತ್ತಿರವೇ ಗೊತ್ತಾಗಲಿ, ಸರ್ಕಲ್‌ನಲ್ಲಲ್ಲ. ಚೀಲಗಳನ್ನು ಲಿವರ್‌ಗೆ ಅಡ್ಡವಾಗುವಂತೆ ನೇತುಹಾಕಬೇಡಿ.

ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟಿದ ಮೇಲೆ, ವಾಟರ್ ವಾಶ್ ಮಾಡಿಸಿದ ಮೇಲೆ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯದಿರಬಹುದು. ನಿಧಾನಕ್ಕೆ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಬಿಡಿ, ಬಿಸಿಗೆ ಒಣಗುತ್ತದೆ. ಸರ್ವಿಸ್‌ಗೆ ಬಿಟ್ಟಾಗ ‘ಬ್ರೇಕ್ ಬಿಚ್ಚಿ ನೋಡಿ, ಹಳೆ ಲೈನರ್ ನನಗೆ ತೋರಿಸಿ’ ಅಂತ ಬಾಯಿಬಿಟ್ಟು ಕೇಳಿ. ‘ನಿಮಗೇನ್ ಗೊತ್ತಾಗುತ್ತೆ ಮೇಡಂ’ ಅಂದರೆ ‘ತೋರಿಸಿ, ಗೊತ್ತಾಗುತ್ತೆ’ ಅನ್ನಿ.

ಘಾಟಿ ಇಳಿಯುವಾಗ

ಆಗುಂಬೆಯ 14 ಹೇರ್‌ಪಿನ್ ತಿರುವು, ಚಾರ್ಮಾಡಿ, ನಂದಿಬೆಟ್ಟ, ಚಾಮುಂಡಿಬೆಟ್ಟ ಎಂದು ದಂಪತಿ ಬೈಕಿನಲ್ಲಿ ಹೊರಡುವುದು ಈಗ ಸಾಮಾನ್ಯ. ಇಳಿಯುವಾಗ ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡುವವರಿದ್ದಾರೆ. ಇದು ಉಳಿತಾಯವಲ್ಲ, ಆತ್ಮಘಾತ. ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಹಳೆಯ ಆಯಿಲ್ ಕುದ್ದು ಗುಳ್ಳೆ ಎದ್ದರೆ ಲಿವರ್ ಸಲೀಸಾಗಿ ಒಳಗೆ ಹೋಗಿಬಿಡುತ್ತದೆ.

ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್ ಅನ್ನೋದು ಹಳಬರ ಲೆಕ್ಕ. ಬ್ರೇಕ್ ಒತ್ತಿ, ವೇಗ ತಗ್ಗಿಸಿ, ಬಿಡಿ, ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ, ಲಿವರ್ ಮೆತ್ತಗಾದರೆ ಅಗಲ ಇರುವ ಕಡೆ ನಿಲ್ಲಿಸಿ, ಕಾಫಿ ಕುಡಿಯುವಷ್ಟು ಹೊತ್ತು ಆರಲು ಬಿಡಿ. ನೀರು ಸುರಿಯಬೇಡಿ. ಆರಿದ ಮೇಲೂ ಲಿವರ್ ಮೆತ್ತಗೇ ಇದ್ದರೆ ಮುಂದೆ ಇಳಿಯಲೇಬೇಡಿ. ಓಡುತ್ತಿರುವಾಗಲೇ ಪೂರ್ತಿ ಕೈಕೊಟ್ಟರೆ, ಎದುರಿಗೆ ವಾಹನ ಇಲ್ಲವೆಂದು ನೋಡಿಕೊಂಡು ಗುಡ್ಡದ ಬದಿಗೆ ಹೋಗಿ, ಕಣಿವೆ ಕಡೆಗಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಇದ್ದವರಿಗೂ ಒಂದು ಮಾತು. ಅನೇಕ ಗಾಡಿಗಳಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಹಿಡಿತ ಕಡಿಮೆ ಇರಬಹುದು. ಅದನ್ನು ಬ್ರೇಕ್ ಅಂದುಕೊಳ್ಳಬೇಡಿ.

ಭಾನುವಾರದ ಪಾಠ

ಓದಿದ್ದು ತಲೆಯಲ್ಲಿದ್ದರೆ ಸಾಲದು, ಕೈಗೆ ಬರಬೇಕು. ಈ ಭಾನುವಾರ ಬೆಳಿಗ್ಗೆ ಹತ್ತಿರದ ಖಾಲಿ ಮೈದಾನಕ್ಕೆ ಹೋಗಿ. ಹೆಲ್ಮೆಟ್ ಹಾಕಿಕೊಂಡು, ಗಟ್ಟಿ ನೆಲದ ಮೇಲೆ 15-20 ಕಿ.ಮೀ. ವೇಗದಲ್ಲಿ ಬಲಗೈ ಬ್ರೇಕೊಂದರಲ್ಲೇ ನೇರವಾಗಿ ನಿಲ್ಲಿಸುವುದನ್ನು ಹತ್ತು ಸಲ ಮಾಡಿ. ಮೊದಲೆರಡು ಸಲ ಎದೆ ಡವಡವ ಅನ್ನಬಹುದು. ಹತ್ತನೆಯ ಸಲಕ್ಕೆ ‘ಇಷ್ಟೇನಾ!’ ಅನಿಸುತ್ತದೆ. ಆಮೇಲೆ ಎರಡೂ ಒಟ್ಟಿಗೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ‘ಮುಂದಿನ ಬ್ರೇಕ್ ಮುಟ್ಟಬೇಡ’ ಅನ್ನೋ ಹಳೇ ಪಾಠ ಅವಳವರೆಗೆ ಬರದಿರಲಿ.