ಕಾಲಡಿಯ ಸ್ವರ

ಸಂಜೆ ಐದೂವರೆ. ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಏಪ್ರಿಲ್ 10ಕ್ಕೆ ಕೊಡಿ ಏರಿ, 17ಕ್ಕೆ ಬ್ರಹ್ಮರಥ ಎಳೆದು, ಪೇಟೆಯ ಗೌಜಿ ಈಗಷ್ಟೇ ತಣಿದಿದೆ. ಇನ್ನು ಒಳಗಿನ ಊರುಗಳ ಸರದಿ. ಅಡಿಕೆ ತೋಟಗಳ ನಡುವಿನ ಒಂದು ಭಜನಾ ಮಂದಿರದ ಎದುರಿನ ಗದ್ದೆಗೆ ನಮ್ಮ ಪಿಕಪ್ ಇಳಿಯುತ್ತದೆ. ಕೊಯ್ಲು ಮುಗಿದು ತಿಂಗಳುಗಳಾದರೂ ಕೂಳೆ ಇನ್ನೂ ಚಪ್ಪಲಿಗೆ ಚುಚ್ಚುತ್ತದೆ. ಮೂಡು ದಿಕ್ಕಿನಲ್ಲಿ ಘಟ್ಟದ ಮೇಲೆ ಮೋಡ ಕಪ್ಪು ಕಟ್ಟುತ್ತಿದೆ. ಸ್ಟೇಜಿನವರು ಕಬ್ಬಿಣದ ಕಾಲುಗಳ ಮೇಲೆ ಹಲಗೆ ಹಾಸುತ್ತಿದ್ದಾರೆ. ಮಂದಿರದ ಹಿಂದಿನಿಂದ ತೆಂಗಿನಕಾಯಿ ತುರಿಯುವ ಸದ್ದು, ಗದ್ದೆಯ ಬದುವಿನಲ್ಲಿ ಚರುಂಬುರಿಯವನು ನೀರುಳ್ಳಿ ಕೊಚ್ಚುವ ಸದ್ದು.

ಪಿಕಪ್ಪಿನ ಹಿಂದಿನಿಂದ ಡ್ರಮ್ಸ್, ರಿದಂ ಪ್ಯಾಡ್, ಕೀಬೋರ್ಡ್, ಕೇಬಲ್ಲಿನ ಗೋಣಿ ಒಂದೊಂದಾಗಿ ಇಳಿಯುತ್ತವೆ. ಬೇಸ್ ಗಿಟಾರ್ ಅವುಗಳ ಜೊತೆ ಬಂದಿಲ್ಲ. ಅದು ಮುಂದಿನ ಸೀಟಿನಲ್ಲಿ, ನನ್ನ ಎರಡು ಮೊಣಕಾಲುಗಳ ನಡುವೆ ನಿಂತು ಬಂದಿದೆ. ಗುಂಡಿಯ ರಸ್ತೆಯಲ್ಲಿ ಅದರ ಕುತ್ತಿಗೆಗೆ ಪೆಟ್ಟು ತಾಗಬಾರದು.

ಚೀಲದ ಜಿಪ್ ಎಳೆದರೆ ಮೊದಲು ಬರುವುದು ಹೊಲಿಗೆ ಮೆಷಿನ್ ಎಣ್ಣೆಯ ವಾಸನೆ. ತುಕ್ಕು ಹಿಡಿಯಬಾರದೆಂದು ತಂತಿಗಳಿಗೆ ಸವರಿದ ಎಣ್ಣೆ ಅದು. ನಾಲ್ಕೇ ತಂತಿ: ಇ, ಎ, ಡಿ, ಜಿ. ಒಂದು ತುದಿಯ ಆಸರೆಯಿಂದ ಇನ್ನೊಂದರ ತನಕ 34 ಇಂಚು. ಎಲ್ಲಕ್ಕಿಂತ ದಪ್ಪದ ಇ ತಂತಿ ಹತ್ತಿರ ಹತ್ತಿರ 2.7 ಮಿಲಿಮೀಟರ್; ಉಕ್ಕಿನ ಎಳೆಯ ಮೇಲೆ ನಿಕ್ಕಲಿನ ಸುತ್ತು. ಸ್ವರಕ್ಕೆ ಏರಿಸಿದಾಗ ನಾಲ್ಕೂ ಸೇರಿ ಕುತ್ತಿಗೆಯನ್ನು ಎಳೆಯುವ ಭಾರ ಸುಮಾರು 75 ಕಿಲೊ, ಅಂದರೆ ತುಂಬಿದ ಅಡಿಕೆ ಗೋಣಿಯಷ್ಟು. ಆ ಎಳೆತಕ್ಕೆ ಮರ ಬಾಗದಂತೆ ಕುತ್ತಿಗೆಯ ಒಳಗೆ ಒಂದು ಕಬ್ಬಿಣದ ಸರಳು ಅಡಗಿದೆ. ಬೆರಳು ಓಡಾಡುವ ಕಪ್ಪುಗೆಂಪಿನ ಪಟ್ಟಿ ಮಾತ್ರ ನಮಗೆ ಗುರುತಿನದು. ಅದು ಬೀಟೆ. ಕುಕ್ಕೆ ಸುಬ್ರಹ್ಮಣ್ಯದಾಚೆಯ ಕಾಡಿನಲ್ಲಿ ನಿಂತಿರುವ ಜಾತಿಯ ಮರವೇ ಲೋಕದ ಎಷ್ಟೋ ಗಿಟಾರುಗಳ ಬೆರಳಡಿಯಲ್ಲಿದೆ.

ಈ ವಾದ್ಯಕ್ಕೆ ದೊಡ್ಡ ವಯಸ್ಸಿಲ್ಲ. ಅದಕ್ಕೆ ಮೊದಲು ಆಳಿನೆತ್ತರದ ಡಬಲ್ ಬೇಸನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು. ಸಾಗಿಸುವುದೂ ಕಷ್ಟ, ಡ್ರಮ್ಸಿನ ಎದುರು ಕೇಳಿಸುವುದೂ ಕಷ್ಟ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅದನ್ನು ಹೆಗಲಿಗೆ ಹಾಕುವ ಗಿಟಾರಿನ ಅಳತೆಗೆ ಇಳಿಸಿ, ಕುತ್ತಿಗೆಗೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿ, ‘ಪ್ರಿಸಿಷನ್ ಬೇಸ್’ ಎಂದು ಮಾರುಕಟ್ಟೆಗೆ ಬಿಟ್ಟರು. 1960ರಲ್ಲಿ ‘ಜಾಝ್ ಬೇಸ್’ ಬಂತು. ನನ್ನ ಕೈಯಲ್ಲಿರುವುದು ಅದರ ಅಚ್ಚಿನದೇ, ಮೂರನೆಯ ಕೈಗೆ ಬಂದ ಒಂದು ಹಳೆಯ ಬೇಸ್.

“ಅಣ್ಣ, ಇದಕ್ಕೆ ಎರಡು ತಂತಿ ಕಮ್ಮಿ ಯಾಕೆ?” ಸ್ಟೇಜಿನ ಅಂಚಿಗೆ ಗಲ್ಲ ಊರಿ ನಿಂತ ಹುಡುಗನ ಪ್ರಶ್ನೆ. ಅವನ ಅಂಗೈಯನ್ನು ಗಿಟಾರಿನ ಹೊಟ್ಟೆಗೆ ಒತ್ತಿಸಿ ಇ ತಂತಿಯನ್ನು ಮೀಟುತ್ತೇನೆ. ಇನ್ನೂ ಯಾವ ಪೆಟ್ಟಿಗೆಗೂ ಜೋಡಿಸಿಲ್ಲ, ಸದ್ದು ಇಲ್ಲವೆಂಬಷ್ಟು ಸಣ್ಣದು. ಹುಡುಗನ ಕಣ್ಣು ಅರಳುತ್ತದೆ. “ಕೈಯೊಳಗೆ ಜುಂ ಅಂತದೆ!”

ನಮ್ಮ ರಸಮಂಜರಿ ತಂಡದಲ್ಲಿ ಸಂಗೀತವೇ ಕಸುಬಾದವರು ಒಬ್ಬರೂ ಇಲ್ಲ. ಕೀಬೋರ್ಡಿನವರು ಸುಳ್ಯದ ಕಡೆಯ ಶಾಲೆಯ ಮಾಸ್ಟ್ರು. ಗಿಟಾರಿನವನಿಗೆ ಪುತ್ತೂರಿನಲ್ಲಿ ಮೊಬೈಲ್ ರಿಪೇರಿ. ಡ್ರಮ್ಸಿನ ಹುಡುಗ ಕಡಬದ ಒಳಗಿನವನು. ಕಾರ್ಯಕ್ರಮ ಮುಗಿಸಿ ಮನೆ ಸೇರಿ, ನಸುಕಿಗೆ ತಲೆಗೆ ಟಾರ್ಚ್ ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನೆ. ನನಗೆ ತೋಟ. ತಂಡದ ಒಬ್ಬರ ಮನೆಮಾತು ಅರೆಭಾಷೆ, ಒಬ್ಬನದು ಮಲಯಾಳ, ಇಬ್ಬರದು ತುಳು. ಜಗಳ ಬಂದಾಗ ತುಳು, ರಾಜಿಯಾಗುವಾಗ ಕನ್ನಡ, ಹಾಡು ಶುರುವಾಗುವಾಗ ನಾಲ್ಕು ಸಲ ಕೋಲಿಗೆ ಕೋಲು.

ಡ್ರಮ್ಸಿನ ಹುಡುಗ ಕಲಿತದ್ದು ಚರ್ಚಿನಲ್ಲಿ. ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದ ಕುಟುಂಬಗಳು ಕಡಬದ ಸುತ್ತ ಬಹಳ. ಅವನ ಚರ್ಚಿನ ಗಾಯನ ತಂಡದಲ್ಲಿ ಕೀಬೋರ್ಡಿನ ಪಕ್ಕ ಬೇಸ್ ಗಿಟಾರಿಗೂ ಒಂದು ಜಾಗ ಉಂಟು. ಡಿಸೆಂಬರಿನಲ್ಲಿ ಅವರು ಕ್ಯಾರಲ್ ಹಾಡುತ್ತಾ ಜೀಪಿನಲ್ಲಿ ಮನೆಮನೆಗೆ ಹೋಗುವಾಗ ಬ್ಯಾಟರಿಯ ಸಣ್ಣ ಪೆಟ್ಟಿಗೆಗೆ ಬೇಸನ್ನು ಸಿಕ್ಕಿಸಿಕೊಳ್ಳುತ್ತಾರೆ. ನನ್ನ ಬೇಸಿನ ತಂತಿ ತುಂಡಾದ ಒಂದು ವಾರ ಅವರ ಬೇಸೇ ನಮ್ಮ ಕಾರ್ಯಕ್ರಮವನ್ನು ನಡೆಸಿಕೊಟ್ಟಿತು.

ಅಭ್ಯಾಸ ಬೆಳ್ಳಾರೆ ಹತ್ತಿರದ ಅಡಿಕೆ ಶೆಡ್ಡಿನಲ್ಲಿ. ನಾನು ಪುತ್ತೂರಿನಿಂದ, ಮಾಸ್ಟ್ರು ಸುಳ್ಯದಿಂದ, ಹುಡುಗ ಕಡಬದಿಂದ ಪಂಜ, ನಿಂತಿಕಲ್ಲು ದಾಟಿ ಬಂದರೆ ಎಲ್ಲರಿಗೂ ಅದು ನಡು ದಾರಿ. ಮುರಕಲ್ಲಿನ ಗೋಡೆ, ಮೇಲೆ ಶೀಟು, ಮೂಲೆಯಲ್ಲಿ ಸುಲಿದ ಅಡಿಕೆಯ ಗೋಣಿಗಳು. ನನ್ನ ಆಂಪ್ 100 ವ್ಯಾಟಿನದು, 15 ಇಂಚಿನ ಒಂದೇ ಸ್ಪೀಕರ್, ಎತ್ತಲು ಇಬ್ಬರು ಬೇಕು. ಮೊದಲ ದಿನ ಅದನ್ನು ಮೂಲೆಗೆ ಇಟ್ಟು ನುಡಿಸಿದರೆ ಸ್ವರವೇ ಗೊತ್ತಾಗದಂತೆ ಬರಿಯ ಗುಡುಗು. ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಅದರ ಒಂದೊಂದು ಅಲೆ 8 ಮೀಟರಿಗೂ ಉದ್ದ. ನಮ್ಮ ಶೆಡ್ಡೇ ಅಷ್ಟು ಉದ್ದವಿಲ್ಲ. ಮೂಲೆಯ ಗೋಡೆಗಳು ಆ ಅಲೆಯನ್ನು ಮಡಚಿ ಮಡಚಿ ವಾಪಸು ಕಳಿಸುತ್ತಿದ್ದವು. ಪೆಟ್ಟಿಗೆಯನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಈಚೆಗೆ ಎಳೆದ ಮೇಲೆ ಸ್ವರ ಸ್ವರವಾಗಿ ಕೇಳಿಸಿತು.

ಆದರೂ ಎ ತಂತಿಯನ್ನು ಬಿಡಿಯಾಗಿ ಮೀಟಿದಾಗಲೆಲ್ಲ ತಲೆಯ ಮೇಲೆ ಎಲ್ಲೋ ‘ಝರ್ರ್’ ಎನ್ನುತ್ತಿತ್ತು. ಸ್ಪೀಕರ್ ಹರಿಯಿತು ಎಂದು ಎದೆ ಒಡೆಯಿತು. ಮೂರು ವಾರ ಪೆಟ್ಟಿಗೆ ಬಿಚ್ಚಿದ್ದು, ಮುಚ್ಚಿದ್ದು. ಕೊನೆಗೆ ಮಾಸ್ಟ್ರು ಏಣಿ ಇಟ್ಟು ಹತ್ತಿ, ನಾನು ಕೆಳಗಿನಿಂದ ಅದೇ ಸ್ವರವನ್ನು ಮೀಟುತ್ತಾ ಇದ್ದಂತೆ, ಶೀಟಿನ ಒಂದೊಂದು ಮೊಳೆಗೂ ಬೆರಳು ಒತ್ತುತ್ತಾ ಹೋದರು. ಏಳನೆಯ ಮೊಳೆಗೆ ಸದ್ದು ನಿಂತಿತು. ಅದೊಂದೇ ಮೊಳೆ ಸಡಿಲ; 55 ಹರ್ಟ್ಸ್‌ಗೆ ಮಾತ್ರ ಅದು ಬಾಯಿ ಬಿಡುತ್ತಿತ್ತು.

ಈ ಅಭ್ಯಾಸ, ಕಾರ್ಯಕ್ರಮವೆಲ್ಲ ಪತ್ತನಾಜೆಯವರೆಗೆ. ತುಳುವರ ಬೇಶ ತಿಂಗಳ 10ಕ್ಕೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಕೋಲ, ನೇಮ, ಜಾತ್ರೆಗಳೆಲ್ಲ ನಿಂತು ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ರಸಮಂಜರಿಗೂ ಅಲ್ಲಿಗೆ ತೆರೆ. ಮುಂದೆ ಮಳೆಯದೇ ಕಾರುಬಾರು. ಈ ಸೀಮೆಗೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು. ಗೋಡೆ ಬೆವರುತ್ತದೆ, ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಮರ ನೀರು ಕುಡಿದು ಕುತ್ತಿಗೆ ಬಾಗಿ ತಂತಿಗಳು ಎತ್ತರಕ್ಕೆ ಹೋಗುತ್ತವೆ. ಆಗ ಸರಳಿನ ತುದಿಗೆ ಎಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಬೇಕು, ಒಂದು ರಾತ್ರಿ ಬಿಟ್ಟು ನೋಡಬೇಕು. ಅವಸರ ಮಾಡಿದರೆ ಸರಳಿಗೂ ಕೇಡು, ಮರಕ್ಕೂ ಕೇಡು. ಹೊಸ ತಂತಿ ಒಂದು ಸೆಟ್ಟಿಗೆ ಸಾವಿರಕ್ಕೂ ಮೇಲೆ. ಹಾಗಾಗಿ ಹಳೆಯದನ್ನು ಬಿಚ್ಚಿ, ಸುರುಳಿ ಮಾಡಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸುತ್ತೇವೆ. ಸುತ್ತುಗಳ ಸಂದಿಯಲ್ಲಿ ಕೂತ ಬೆವರು, ಕೊಳೆ ಬಿಟ್ಟು ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಲೆಯ ಬಿಸಿಗೆ ಒಣಗಿಸಿ ಮತ್ತೆ ಏರಿಸಿದರೆ ಕೆಲವು ವಾರ ಅವು ಹೊಸದರ ಹಾಗೆ ಮಿಣಮಿಣ ನುಡಿಯುತ್ತವೆ.

ಈಗ ಎಷ್ಟೋ ರಸಮಂಜರಿಗಳಲ್ಲಿ ಬೇಸ್ ಹಿಡಿದು ನಿಂತವರು ಕಾಣುವುದಿಲ್ಲ. ಕೀಬೋರ್ಡಿನ ಎಡಗೈ ಆ ಕೆಲಸ ಮಾಡುತ್ತದೆ, ಇಲ್ಲವೇ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಬರುತ್ತದೆ. ಕಮಿಟಿಯವರ ಲೆಕ್ಕವೂ ಸುಳ್ಳಲ್ಲ: ಒಬ್ಬರ ಊಟ, ಒಬ್ಬರ ಸಂಭಾವನೆ, ಗಾಡಿಯಲ್ಲಿ ಒಬ್ಬರ ಜಾಗ ಉಳಿಯಿತು. ಟ್ರ್ಯಾಕಿನಲ್ಲಿರುವ ಬೇಸ್ ನನ್ನದಕ್ಕಿಂತ ಸ್ವಚ್ಛ, ಅದೂ ನಿಜವೇ. 1981ರ ‘ಗೀತಾ’ ಸಿನಿಮಾದ ಹಾಡುಗಳಿಗೆ ಇಳಯರಾಜ ಹೆಣೆದ ಬೇಸಿನ ನಡೆಯನ್ನು ಕಲಿಯಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಹಾಡಿನ ಕೆಳಗೆ ಇನ್ನೊಂದು ಹಾಡು ಓಡುತ್ತಿರುತ್ತದೆ ಎಂದು ತಿಳಿದದ್ದೂ ಆಗಲೇ. ಆದರೆ ಟ್ರ್ಯಾಕಿಗೆ ಕಿವಿ ಇಲ್ಲ. ನಮ್ಮ ಊರಿನವರು ಯಕ್ಷಗಾನ ನೋಡಿ ಬೆಳೆದವರು. ವೇಷಧಾರಿಯ ಕಾಲಿನ ಮೇಲೆ ಕಣ್ಣಿಟ್ಟು, ಅವನ ಹೆಜ್ಜೆ ಮುಗಿಯುವ ತನಕ ಕೈ ಬಿಡದ ಮದ್ದಳೆಗಾರ ಅವರಿಗೆ ಗೊತ್ತು. ರಂಗಕ್ಕೆ ಏರಿದವರನ್ನು ಕಾಯುವುದೂ ವಿದ್ಯೆಯ ಒಂದು ಅಂಗ.

ಆ ಸಂಜೆ ಏಳೂವರೆಗೆ ಘಟ್ಟದ ಕಡೆಯಿಂದ ಒಂದು ಮಿಂಚು, ಕರೆಂಟು ಹೋಯಿತು. ಮಳೆ ಎರಡು ಹನಿ ಹಾಕಿ ಬೇರೆ ದಿಕ್ಕಿಗೆ ಸರಿಯಿತು. ಜನರೇಟರ್ ಎದ್ದದ್ದೇ ತಡ, ಪೆಟ್ಟಿಗೆಗಳಲ್ಲಿ ‘ಗುಂ’ ಎಂಬ ಮೊರೆತ. ಕರೆಂಟಿನ ಹರಿವು 50 ಹರ್ಟ್ಸ್. ಇ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 49. ಆ ಮೊರೆತ ನನ್ನ ಸ್ವರದ ಮೈಗೆ ಮೈ ಒರೆಸಿಕೊಂಡೇ ನಿಲ್ಲುತ್ತದೆ, ಎಂದೂ ಪೂರ್ತಿ ಕೂಡುವುದಿಲ್ಲ. ತಂತಿಯ ಕೆಳಗಿನ ಎರಡು ಅಯಸ್ಕಾಂತದ ಪಿಕಪ್‌ಗಳಿಗೆ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ ಸುತ್ತಿರುತ್ತದೆ. ಸುತ್ತಮುತ್ತಲ ಕರೆಂಟಿನ ಮೊರೆತವನ್ನೂ ಅವು ಹಿಡಿಯುತ್ತವೆ. ಎರಡರ ಗುಂಡಿಯನ್ನೂ ಸಮಕ್ಕೆ ತಿರುಗಿಸಿದೆ. ಒಂದರ ಗದ್ದಲವನ್ನು ಇನ್ನೊಂದು ಅಳಿಸಿ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಸೌಂಡ್ಸಿನವರು ಸ್ಟೇಜಿನ ಹಿಂದಕ್ಕೆ ಓಡಿದರು.

“ಅರ್ತಿಂಗ್ ಒಣಗಿದೆ ಮಾರಾಯ್ರೆ, ಒಂದು ಕೊಡ ನೀರು ಕೊಡಿ!”

ಮಂದಿರದ ಬಾವಿಯಿಂದ ನೀರು ಬಂತು. ಏಪ್ರಿಲ್ಲಿನ ಕೆಂಪು ಮಣ್ಣು ಇಡೀ ಕೊಡವನ್ನು ಗಟಗಟ ಹೀರಿತು. ಇನ್ನೊಂದು ಕೊಡ ಸುರಿದ ಮೇಲೆ, ಅರ್ತಿಂಗಿನ ಕಬ್ಬಿಣದ ಸರಳು ನೆಲದ ತಂಪನ್ನು ಹಿಡಿದುಕೊಂಡಂತೆ ಮೊರೆತ ಇಳಿಯಿತು. ನನ್ನ ಬೇಸಿನ ವಯರು ಅಂಗೈಯಗಲದ ಡಿಐ ಬಾಕ್ಸಿಗೆ, ಅಲ್ಲಿಂದ ಮಿಕ್ಸರಿಗೆ, ಅಲ್ಲಿಂದ ಗದ್ದೆಯ ಎರಡು ಬದಿಯ ದೊಡ್ಡ ಪೆಟ್ಟಿಗೆಗಳಿಗೆ. ಮೊದಲ ಸ್ವರ ಹೊರಟಾಗ ಎದುರಿನ ಪ್ಲಾಸ್ಟಿಕ್ ಕುರ್ಚಿಗಳು ಸಣ್ಣಗೆ ನಡುಗಿದವು.

ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕು. ಒಂಬತ್ತೂವರೆಗೆ ಊರಿನವರಿಗೆ ಅವಕಾಶ. ಅಂಗನವಾಡಿ ಟೀಚರ್ ಹಾಡಲು ಬಂದರು. ಸ್ಟೇಜ್ ಹತ್ತುವುದು ಅದೇ ಮೊದಲು. ಚಪ್ಪಲಿಯನ್ನು ಕೆಳಗೆ ಬಿಟ್ಟು ಬರಿಗಾಲಿನಲ್ಲಿ ಬಂದು ಮೈಕಿನ ಎದುರು ನಿಂತರು. ರಾಜನ್–ನಾಗೇಂದ್ರ ಅವರ ಒಂದು ಹಳೆಯ ಹಾಡು. ಪಲ್ಲವಿ ಚೆನ್ನಾಗಿಯೇ ಹೋಯಿತು. ನಡುವಿನ ವಾದ್ಯ ಮುಗಿದು ಚರಣ ಎತ್ತಬೇಕು. ಟೀಚರ್ ಎತ್ತಲಿಲ್ಲ. ತುಟಿ ತೆರೆದಿದೆ, ಮಾತು ಇಲ್ಲ. ಎದುರಿನ ಸಾಲಿನಲ್ಲಿ ಅವರ ಪುಟಾಣಿಗಳು, ಮನೆಯವರು, ಇಡೀ ಊರು.

ಮಾಸ್ಟ್ರು ನನ್ನ ಕಡೆ ನೋಡಿದರು. ಹುಡುಗ ಸದ್ದನ್ನು ಡ್ರಮ್ಸಿನ ಅಂಚಿಗೆ ಇಳಿಸಿದ. ನಾನು ಸ್ವರ ಬದಲಿಸಲಿಲ್ಲ. ಒಂದನೆಯ ಎಣಿಕೆಗೆ ಷಡ್ಜ, ಮೂರಕ್ಕೆ ಪಂಚಮ. ಮತ್ತೆ ಷಡ್ಜ, ಮತ್ತೆ ಪಂಚಮ. ನಾಲ್ಕು ಆವರ್ತ ಹೋಯಿತು. ಅವರ ಕೈ ಮೈಕನ್ನು ಬಿಗಿಯಾಗಿ ಹಿಡಿದದ್ದು ಕಾಣುತ್ತಿತ್ತು. ಇನ್ನೂ ನಾಲ್ಕು. ಕೊನೆಯ ಆವರ್ತದ ತುದಿಗೆ ಕೆಳಗಿನಿಂದ ಎರಡು ಸ್ವರ ಹತ್ತಿಸಿ ಷಡ್ಜದ ಮೇಲೆ ಭಾರ ಹಾಕಿದೆ. ಟೀಚರ್ ಎತ್ತಿದರು. ತಾಳದ ಮೇಲೆಯೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ. ವಾದ್ಯದ ಭಾಗವೇ ಅಷ್ಟು ಉದ್ದ ಇತ್ತೆಂದು ಊರು ತಿಳಿದಿರಬೇಕು. ಹಾಡು ಮುಗಿದಾಗ ಗದ್ದೆಯ ಕೊನೆಯ ತನಕ ಚಪ್ಪಾಳೆ.

ಹತ್ತಕ್ಕೆ ಪೆಟ್ಟಿಗೆಗಳು ಮೌನವಾದವು. ಕುರ್ಚಿಯನ್ನು ಒಂದರೊಳಗೊಂದು ಜೋಡಿಸುವ ಸದ್ದು ಮಾತ್ರ ಉಳಿಯಿತು. ಹುಡುಗ ಬೆಳಗಿನ ಟ್ಯಾಪಿಂಗಿಗೆ ಟಾರ್ಚ್ ಚಾರ್ಜ್ ಇದೆಯಾ ಎಂದು ನೋಡುತ್ತಿದ್ದ. ನಾನು ಹಳೆಯ ಪಂಚೆಯ ತುಂಡಿನಿಂದ ತಂತಿಗಳ ಬೆವರನ್ನು ಒಂದೊಂದಾಗಿ ಒರೆಸುತ್ತಿದ್ದಾಗ ಟೀಚರ್ ಚಪ್ಪಲಿ ಹುಡುಕುತ್ತಾ ಬಂದರು.

“ಅಣ್ಣ, ನನಗೆ ಕಿವಿಯೇ ಕಟ್ಟಿ ಹೋಗಿತ್ತು ಆಗ. ಎಂತದೂ ಕೇಳ್ತಾ ಇರ್ಲಿಲ್ಲ.”

“ಮತ್ತೆ ಸರಿಯಾಗಿ ಎತ್ತಿದ್ದು ಹೇಗೆ ಟೀಚರ್?”

ಅವರು ಸ್ಟೇಜಿನ ಹಲಗೆಯನ್ನು ಬರಿಗಾಲಿನಿಂದ ಒಮ್ಮೆ ಮೆಲ್ಲಗೆ ಒತ್ತಿ ತೋರಿಸಿದರು. “ಇಲ್ಲಿ ಗೊತ್ತಾಯ್ತು.”

ಬೇಸನ್ನು ಚೀಲಕ್ಕೆ ಇಳಿಸಿ ಜಿಪ್ ಎಳೆದೆ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡೆ. ಗಾಡಿ ಗದ್ದೆಯ ಬದು ಹತ್ತುವಾಗ ಕುಲುಕಿತು. ಚೀಲದೊಳಗೆ ನಾಲ್ಕೂ ತಂತಿಗಳು ಒಮ್ಮೆ ಸಣ್ಣಗೆ ನುಡಿದವು.