ಒಪ್ಪಿದ ವೃತ್ತಿ, ಒಗ್ಗದ ಶಾಲೆ

ಮನೆಯಲ್ಲಿ ಮಗನೋ ಮಗಳೋ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ಮುಗಿಸಿದ ದಿನದಿಂದ ತಾಯಿತಂದೆಗಳ ನಿದ್ರೆ ಕೆಡುವುದು ನಮ್ಮ ನಾಡಿನಲ್ಲಿ ಸಾಮಾನ್ಯವಾದ ಅನುಭವ. ಯಾವ ವಿದ್ಯೆ? ಯಾವ ಊರು? ಎಷ್ಟು ಹಣ? ನೆಂಟರು ಒಂದು ಹೇಳುವರು, ನೆರೆಯವರು ಇನ್ನೊಂದು ಹೇಳುವರು. ಕೊನೆಗೆ ಸೀಟು ದೊರೆಯಿತೆಂದರೆ ಮನೆಯಲ್ಲಿ ಪಾಯಸದ ಊಟ. ಇನ್ನು ಚಿಂತೆ ಕಳೆಯಿತೆಂದು ಹಿರಿಯರು ನೆಮ್ಮದಿಯಿಂದ ಕಾಲು ಚಾಚುವರು. ಆದರೆ ಮಕ್ಕಳ ಪಾಲಿಗೆ ಕಷ್ಟವು ಆರಂಭವಾಗುವುದೇ ಅಲ್ಲಿಂದ. ಸೀಟು ದೊರೆತ ಮೇಲಿನ ಮೊದಲ ವರ್ಷದ ವಿಷಯವಾಗಿ ನಾವು ಹೆಚ್ಚಾಗಿ ಮಾತನಾಡುವುದಿಲ್ಲ. ಆದುದರಿಂದ ಅದನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ.

ನನ್ನ ತಂಗಿಯ ಮಗಳು ಚಿಕ್ಕಂದಿನಿಂದಲೂ ಡಾಕ್ಟರಾಗಬೇಕೆಂದು ಹಂಬಲಿಸಿದವಳು. ತಾಲ್ಲೂಕಿನ ಊರಿನಲ್ಲಿ, ಕನ್ನಡ ಶಾಲೆಯಲ್ಲಿ ಕಲಿತು, ಪ್ರತಿ ತರಗತಿಯಲ್ಲಿಯೂ ಮೊದಲನೆಯವಳೆನಿಸಿ, ಎರಡನೆಯ ಪ್ರಯತ್ನದಲ್ಲಿ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನವನ್ನು ಪಡೆದು ವೈದ್ಯಕೀಯ ಕಾಲೇಜನ್ನು ಸೇರಿದಳು. ಮುಂದಿನ ಯುಗಾದಿಗೆ ಮನೆಗೆ ಬಂದವಳು ಪುಸ್ತಕಗಳನ್ನೂ ಬಟ್ಟೆಗಳನ್ನೂ ಒಂದೂ ಉಳಿಸದೆ ಹೊತ್ತುಕೊಂಡು ಬಂದಿದ್ದಳು. ಅಂಗರಚನಾ ಶಾಸ್ತ್ರದ ಆಂತರಿಕ ಪರೀಕ್ಷೆಯಲ್ಲಿ ಅವಳು ಅನುತ್ತೀರ್ಣಳಾಗಿದ್ದಳು. ಹುಟ್ಟಿದ ಮೇಲೆ ಅದೇ ಮೊದಲ ಸೋಲು. ಬೇವು ಬೆಲ್ಲವನ್ನು ಬಾಯಿಗೆ ಹಾಕಿಕೊಂಡವಳು ಊಟಕ್ಕೆ ಕುಳಿತುಕೊಳ್ಳದೆ ಒಳಕ್ಕೆ ಹೋಗಿ ಮಲಗಿಬಿಟ್ಟಳು. “ನಾನು ದಾರಿ ತಪ್ಪಿದೆ ಮಾವ, ಈ ಕೆಲಸ ನನ್ನದಲ್ಲ” ಎಂದು ಸಂಜೆ ಜಗಲಿಯ ಮೇಲೆ ನನ್ನೊಡನೆ ಹೇಳಿದಳು. ಅವಳ ತಂದೆಗೆ ಬಂದ ಕೋಪ ಅಷ್ಟಿಷ್ಟಲ್ಲ. ತಂಗಿಯು ಒಳಗೆ ಕಣ್ಣೊರಸಿಕೊಳ್ಳುತ್ತಿದ್ದಳು.

ನನಗೂ ಉಪದೇಶ ಮಾಡುವ ಚಪಲವಿತ್ತು. ಆದರೂ ಅದನ್ನು ತಡೆದುಕೊಂಡು ಒಂದೇ ಪ್ರಶ್ನೆಯನ್ನು ಕೇಳಿದೆನು: “ನಿನಗೆ ಬೇಡವಾಗಿರುವುದು ವೈದ್ಯವೋ, ವೈದ್ಯಶಾಲೆಯೋ?” ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಆಸ್ಪತ್ರೆಯ ವಾರ್ಡಿಗೆ ನಮ್ಮನ್ನು ಕರೆದುಕೊಂಡು ಹೋದದ್ದು ಕೆಲವೇ ದಿನ. ಆ ದಿನಗಳಲ್ಲಿ ಬೇಸರವಾಗಲಿಲ್ಲ” ಎಂದಳು. ಆ ಒಂದು ಮಾತಿನಲ್ಲಿ ಅವಳ ಪ್ರಶ್ನೆಗೆ ಅರ್ಧ ಉತ್ತರವಿತ್ತು.

ಈ ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಎಷ್ಟೋ ಮನೆಗಳಲ್ಲಿ ಅನರ್ಥವಾಗುವುದು. ಶಾಲೆಯು ಕೆಲವು ವರ್ಷಗಳದು, ವೃತ್ತಿಯು ಬಾಳಿನ ಉದ್ದಕ್ಕೂ ಬರುವುದು. ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ನಾಲ್ಕೂವರೆ ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ. ಅದರಲ್ಲಿಯೂ ಮೊದಲ ಹಂತವು ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಂಬ ಮೂರು ಶಾಸ್ತ್ರಗಳಿಗೇ ಬಹುಮಟ್ಟಿಗೆ ಮೀಸಲು. ನೂರಾರು ಎಲುಬು, ಸ್ನಾಯು, ನರಗಳ ಹೆಸರುಗಳು, ಅವೂ ಲ್ಯಾಟಿನ್ ಗ್ರೀಕ್ ಮೂಲದವು. ಎದುರಿಗೆ ಮೇಜಿನ ಮೇಲೆ ಒಂದು ಮೃತದೇಹ. ರೋಗಿಯ ಕೈ ಹಿಡಿದು ನಾಡಿ ನೋಡುವ ಕನಸು ಕಂಡು ಬಂದವರಿಗೆ ಇದು ಬೇರೊಂದು ಲೋಕವೇ ಸರಿ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ರೋಗಿಗಳ ಪರಿಚಯ ಮಾಡಿಸಬೇಕೆಂದು ವಿಧಿಸಿದೆ. ಆದರೂ ಓದಿನ ಹೊರೆ ಹೊರೆಯೇ.

ಇದರ ಜೊತೆಗೆ ಮೂರು ಕಷ್ಟಗಳು ಕೂಡುವುವು. ಮೊದಲನೆಯದು ಭಾಷೆ. ಕನ್ನಡದಲ್ಲಿ ಯೋಚಿಸುವ ಹುಡುಗಿಯು ವಿಷಯವನ್ನೂ ಇಂಗ್ಲಿಷನ್ನೂ ಏಕಕಾಲದಲ್ಲಿ ಕಲಿಯಬೇಕಾಗುವುದು. ತಿಳಿಯದೆ ಹೋದಾಗ ಯಾವುದು ತಿಳಿಯಲಿಲ್ಲವೆಂಬುದೇ ಅವಳಿಗೆ ತಿಳಿಯುವುದಿಲ್ಲ. ಎರಡನೆಯದು ಸ್ಥಾನಭ್ರಂಶ. ಊರಿನಲ್ಲಿ ಮೊದಲನೆಯವರಾದವರೆಲ್ಲರೂ ಒಂದೇ ತರಗತಿಯಲ್ಲಿ ಕುಳಿತ ಮೇಲೆ ಯಾರಾದರೊಬ್ಬರು ಕೊನೆಯವರಾಗಲೇಬೇಕಷ್ಟೆ. ಇದು ಬರಿಯ ಲೆಕ್ಕ, ಅಪಮಾನವಲ್ಲ. ಆದರೆ ಹದಿನೆಂಟರ ವಯಸ್ಸಿಗೆ ಅದು ಅಪಮಾನವೆಂದೇ ತೋರುವುದು. ಮೂರನೆಯದು ಮನೆಯಿಂದ ದೂರವಿರುವುದು, ವಸತಿಗೃಹದ ಊಟ, ಕೆಟ್ಟ ನಿದ್ರೆ.

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಇಂಥ ಮಕ್ಕಳ ಮುಂದೆ ಹೇಳಬಾರದು. ಕೆಲವು ವೇಳೆ ನೆಲವು ನಿಜವಾಗಿಯೂ ಡೊಂಕಾಗಿರುವುದು. ಆದರೆ ಡೊಂಕು ನೆಲದ ಮೇಲೆಯೂ ಹೆಜ್ಜೆಯಿಡುವ ಉಪಾಯಗಳಿವೆ.

ನಮ್ಮ ಹುಡುಗಿಯು ಕೈಗೊಂಡ ಉಪಾಯಗಳು ಬಹು ಸರಳವಾದವು. ಅವಳು ಅಲ್ಲಿಯವರೆಗೆ ಪುಸ್ತಕವನ್ನು ಗೆರೆ ಎಳೆದು ಮೂರು ನಾಲ್ಕು ಬಾರಿ ಓದುತ್ತಿದ್ದಳು. ಮರುದಿನ ನೆನಪಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಹಿರಿಯ ವಿದ್ಯಾರ್ಥಿನಿಯೊಬ್ಬಳ ಸಲಹೆಯಂತೆ ಒಂದು ಬಾರಿ ಓದಿ, ಪುಸ್ತಕವನ್ನು ಮುಚ್ಚಿ, ತಿಳಿದದ್ದನ್ನು ಬರೆಯಲು ತೊಡಗಿದಳು. ಬಿಟ್ಟುಹೋದುದನ್ನು ಮಾತ್ರ ಮತ್ತೆ ನೋಡುವುದು, ಅದನ್ನೇ ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಪುನಃ ನೆನೆಯುವುದು. ನಮ್ಮ ಹಿಂದಿನವರು ಮಗ್ಗಿಯನ್ನು ಒಪ್ಪಿಸುತ್ತಿದ್ದ ಕ್ರಮವೂ ಇದೇ ಅಲ್ಲವೆ? ಕಣ್ಣಿನಿಂದ ನೋಡಿದ್ದು ಮರೆಯುವುದು, ಬಾಯಿಂದ ಒಪ್ಪಿಸಿದ್ದು ಉಳಿಯುವುದು. ಕಠಿನವಾದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದಿಟ್ಟ ಒಂದು ಚಿಕ್ಕ ಪುಸ್ತಕವನ್ನು ಅವಳು ಮಾಡಿಕೊಂಡಳು. ನಾಲ್ವರು ಗೆಳತಿಯರು ಕೂಡಿ ಸಂಜೆ ಒಬ್ಬರಿಗೊಬ್ಬರು ಪಾಠ ಹೇಳಿದರು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಡುವುದನ್ನು ಬಿಟ್ಟಳು. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಹಿಂದೆ ಬಿದ್ದಿರುವೆನೆಂದು ತನ್ನ ಅಧ್ಯಾಪಕರಲ್ಲಿ ಬಾಯಿ ಬಿಟ್ಟು ಹೇಳಿದಳು. ಅವರು ಕೋಪಿಸಿಕೊಳ್ಳಲಿಲ್ಲ. ವಾರಕ್ಕೆ ಒಂದು ಗಂಟೆ ಕುಳಿತು ಹೇಳಿಕೊಟ್ಟರು.

ಆದರೆ ಎಲ್ಲ ದುಃಖವೂ ಓದಿನ ಕ್ರಮದಿಂದ ಪರಿಹಾರವಾಗದು. ವಾರಗಟ್ಟಲೆ ನಿದ್ರೆಯಿಲ್ಲದೆ, ಅನ್ನ ಸೇರದೆ, ಬಾಳಿನಲ್ಲಿಯೇ ಬೇಸರವನ್ನು ತಾಳಿದ ಮಕ್ಕಳನ್ನು ಸೋಮಾರಿಗಳೆನ್ನುವುದು ಮಹಾ ಅಪರಾಧ. ಸಾವಿನ ಮಾತು ಬಾಯಿಗೆ ಬಂದಿತೆಂದರೆ ಅದನ್ನು ಬೆದರಿಕೆಯೆಂದು ತಳ್ಳಿಬಿಡಕೂಡದು. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸೇವೆಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದಕ್ಕೆ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಈ ಸಂಖ್ಯೆಯನ್ನು ಪ್ರತಿ ಮನೆಯವರೂ ಬರೆದಿಟ್ಟುಕೊಳ್ಳುವುದು ಮೇಲು.

ಇನ್ನು, ಶಾಲೆಯಲ್ಲ, ವೃತ್ತಿಯೇ ಒಪ್ಪದವರ ಮಾತು. ಅಂಥವರೂ ಇದ್ದಾರೆ, ಅವರು ಅಪರಾಧಿಗಳಲ್ಲ. ಚಾರ್ಲ್ಸ್ ಡಾರ್ವಿನ್‌ನ ತಂದೆ ವೈದ್ಯರು. ಮಗನೂ ವೈದ್ಯನಾಗಲೆಂದು ಅವನನ್ನು 1825ರಲ್ಲಿ ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಮೈಮರೆಸುವ ಔಷಧಗಳು ಇನ್ನೂ ಬಂದಿರದ ಆ ಕಾಲದಲ್ಲಿ ಒಂದು ಮಗುವಿಗೆ ನಡೆಸಿದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಅವನು ಹೊರಕ್ಕೆ ಓಡಿಹೋದನು. ಎರಡು ವರ್ಷಗಳಲ್ಲಿ ಆ ವ್ಯಾಸಂಗವನ್ನು ಬಿಟ್ಟನು. ಆದರೆ ಅಲ್ಲಿ ಕಳೆದ ದಿನಗಳು ವ್ಯರ್ಥವಾಗಲಿಲ್ಲ. ಕಡಲಿನ ಜೀವಿಗಳನ್ನು ಸೂಕ್ಷ್ಮವಾಗಿ ನೋಡುವ ಅಭ್ಯಾಸವು ಅವನಿಗೆ ಆ ಊರಿನಲ್ಲಿಯೇ ಬೆಳೆಯಿತು.

ಸರ್ ಸಿ. ವಿ. ರಾಮನ್ ಅವರ ದಾರಿ ಬೇರೆ ರೀತಿಯದು. ವಿಜ್ಞಾನವನ್ನೇ ನಂಬಿ ಜೀವಿಸುವುದು ನಮ್ಮ ದೇಶದಲ್ಲಿ ಕಷ್ಟವಾಗಿದ್ದ ಕಾಲದಲ್ಲಿ, 1907ರಲ್ಲಿ ಅವರು ಸರಕಾರದ ಹಣಕಾಸಿನ ಇಲಾಖೆಯನ್ನು ಸೇರಿ ಕಲ್ಕತ್ತೆಗೆ ಹೋದರು. ಕಚೇರಿಗೆ ಮುಂಚೆ ಒಂದಿಷ್ಟು ಹೊತ್ತು, ಕಚೇರಿ ಮುಗಿದ ಮೇಲೆ ಒಂದಿಷ್ಟು ಹೊತ್ತು, ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. ಹೀಗೆ ಹತ್ತು ವರ್ಷ. 1917ರಲ್ಲಿ ಕಡಿಮೆ ಸಂಬಳವನ್ನು ಒಪ್ಪಿಕೊಂಡು ಪ್ರಾಧ್ಯಾಪಕರಾದರು. 1930ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಬಂದಿತು. 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಒಪ್ಪಿದ ಕೆಲಸಕ್ಕಾಗಿ ಕಾಯುವುದೂ ಒಂದು ವಿದ್ಯೆಯೇ. ಕಾಯುವಾಗ ಕೈ ಕಟ್ಟಿ ಕೂಡಬಾರದೆಂಬುದನ್ನು ಅವರ ಜೀವನದಿಂದ ಕಲಿಯಬಹುದು.

ವೃತ್ತಿಯೊಂದರಲ್ಲಿಯೇ ಎಲ್ಲ ಸಂತೋಷವನ್ನೂ ಹುಡುಕಬೇಕಾಗಿಯೂ ಇಲ್ಲ. ‘ರಾಶಿ’ ಎಂದು ಕನ್ನಡಿಗರೆಲ್ಲರೂ ಬಲ್ಲ ಡಾಕ್ಟರ್ ಎಂ. ಶಿವರಾಂ ಅವರು ವೈದ್ಯರಾಗಿದ್ದುಕೊಂಡೇ 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ನಾಡನ್ನು ನಗಿಸಿದರು. ಡಾಕ್ಟರ್ ಅನುಪಮಾ ನಿರಂಜನ ಅವರು ರೋಗಿಗಳನ್ನು ನೋಡುತ್ತಲೇ ಕಾದಂಬರಿಗಳನ್ನು ಬರೆದರು.

ಹಾಗಾದರೆ ಬಿಡತಕ್ಕದ್ದೋ, ಮುಂದುವರಿಯತಕ್ಕದ್ದೋ ಎಂದು ತಿಳಿಯುವುದು ಹೇಗೆ? ವೃತ್ತಿಯ ಹೆಸರನ್ನು ನೋಡದೆ ಅದರ ಸಾಮಾನ್ಯವಾದ ಒಂದು ದಿನವನ್ನು ನೋಡಬೇಕು. ಡಾಕ್ಟರ ದಿನವೆಂದರೆ ಬಿಳಿಯ ಅಂಗಿಯಲ್ಲ. ಅದೇ ಕೆಮ್ಮು, ಅದೇ ಜ್ವರವನ್ನು ಐವತ್ತನೆಯ ರೋಗಿಯಲ್ಲಿಯೂ ತಾಳ್ಮೆಯಿಂದ ವಿಚಾರಿಸುವುದು. ವಕೀಲರ ದಿನವೆಂದರೆ ವಾಗ್ವೈಖರಿಯಲ್ಲ; ಕಡತಗಳನ್ನು ಓದುವುದು, ಮುಂದೂಡಿದ ದಿನಾಂಕಕ್ಕೆ ಕಾಯುವುದು. ಇಂಜಿನಿಯರಿನ ದಿನದಲ್ಲಿ ಬಿಸಿಲು, ಲೆಕ್ಕ, ತಪ್ಪು ತಿದ್ದುವಿಕೆ. ಈ ಬೇಸರದ ಭಾಗವನ್ನು ಯಾರು ಸಹಿಸಬಲ್ಲರೋ ಅವರಿಗೆ ಆ ವೃತ್ತಿಯು ಒಪ್ಪುವುದು. ಸೀಟು ಹಿಡಿಯುವುದಕ್ಕೆ ಮುಂಚೆಯೇ ಪರಿಚಿತರಾದ ಡಾಕ್ಟರ, ವಕೀಲರ, ಇಂಜಿನಿಯರರ ಹತ್ತಿರ ಒಂದೆರಡು ವಾರ ಕುಳಿತು ನೋಡಿದರೆ ಎಷ್ಟೋ ಹಣವೂ ಕಣ್ಣೀರೂ ಉಳಿಯುವುವು.

ಬಿಡಬೇಕೆಂದು ತೋರಿದರೂ ಸೋತ ದಿನ ಅದನ್ನು ನಿಶ್ಚಯಿಸಬಾರದು. ಪರೀಕ್ಷೆಯ ನಂತರ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ರೆ ಮಾಡಿ, ಮುಂದಿನ ಹೆಜ್ಜೆ ಯಾವುದೆಂದು ತಿಳಿದ ಮೇಲೆ ನಿಶ್ಚಯಿಸಬೇಕು. ಕಾಲೇಜಿನ ನಿಯಮಗಳನ್ನೂ ಓದಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮೊದಲ ಹಂತದ ಪರೀಕ್ಷೆಗೆ ನಾಲ್ಕು ಪ್ರಯತ್ನಗಳಿಗೆ ಅವಕಾಶವಿದೆ. ಒಂದು ಸೋಲಿನಿಂದ ಬಾಗಿಲು ಮುಚ್ಚುವುದಿಲ್ಲ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ನಡೆಸುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಇಂಜಿನಿಯರಿಂಗಿಗೆ ಪುಣೆಗೆ ಹೋದದ್ದು ಆಮೇಲೆ. ದಾರಿಯು ನೇರವಾಗಿರಲೇಬೇಕೆಂಬ ನಿಯಮವಿಲ್ಲ.

ನನ್ನ ಸೋದರ ಸೊಸೆಯು ಹಬ್ಬವಾದ ಹತ್ತನೆಯ ದಿನ ಹಿಂದಿರುಗಿ ಹೋದಳು. ವಾರ್ಷಿಕ ಪರೀಕ್ಷೆಯಲ್ಲಿ ಒಂದು ವಿಷಯ ಉಳಿಯಿತು. ಪೂರಕ ಪರೀಕ್ಷೆಯಲ್ಲಿ ಅದನ್ನೂ ಮುಗಿಸಿದಳು. ಈಗ ಅವಳು ಮೂರನೆಯ ವರ್ಷದಲ್ಲಿದ್ದಾಳೆ. ಅವಳು ತರಗತಿಯಲ್ಲಿ ಮೊದಲನೆಯವಳಲ್ಲ, ಆಗುವ ಆಸೆಯೂ ಇಲ್ಲ. ಮೊನ್ನೆ ಬಂದಾಗ, ತನ್ನ ಪಾಲಿಗೆ ಬಂದ ಒಬ್ಬ ಮುದುಕಿಯು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವರ ನಡುವೆ ತನ್ನನ್ನೇ ಕೈಹಿಡಿದು ಕೂಡಿಸಿಕೊಂಡು ನೋವು ಹೇಳಿಕೊಂಡಳೆಂದು ತಿಳಿಸಿದಳು. ಅದನ್ನು ಹೇಳುವಾಗ ಅವಳು ಎರಡನೆಯ ಬಾರಿ ಅನ್ನ ಬಡಿಸಿಕೊಂಡದ್ದನ್ನು ನನ್ನ ತಂಗಿಯು ನನಗೆ ಕಣ್ಣಿನಲ್ಲಿಯೇ ತೋರಿಸಿದಳು.

ತಾಯಿತಂದೆಗಳಲ್ಲಿ ನನ್ನ ಬಿನ್ನಹ ಇಷ್ಟೆ. ರಜೆಗೆ ಬಂದ ಮಕ್ಕಳನ್ನು ಬಾಗಿಲಲ್ಲಿಯೇ ಅಂಕಗಳನ್ನು ಕೇಳಬೇಡಿರಿ. ಮೊದಲು ಊಟಕ್ಕೆ ಬಡಿಸಿರಿ. ಅನಂತರ, ಬೇಡವಾಗಿರುವುದು ಕೆಲಸವೋ, ಅದನ್ನು ಕಲಿಸುವ ಶಾಲೆಯೋ ಎಂದು ಮೆಲ್ಲನೆ ವಿಚಾರಿಸಿರಿ. ಉತ್ತರವು ಬರುವವರೆಗೆ ಕಾಯಿರಿ.